ಎಲೆ ತೂಗುತ್ತಿದ್ದ ಚಿನ್ನಿ ಎಳೆ ಆರಿಸಿದ್ದು

ಊಟಿ ಬೆಟ್ಟದ ಹಟ್ಟಿ ಹುಬ್ಬತಲೈಯ ಚಿನ್ನಿಗೆ ಅಂಕಿಗಳ ಮೇಲೆ ನಂಬಿಕೆ ಕಡಿಮೆ. ಹಾಗೆಂದು ಲೆಕ್ಕ ಬಾರದವಳಲ್ಲ. ಹತ್ತೊಂಬತ್ತು ವರ್ಷ ಅಂಕಿಗಳ ಜೊತೆಗೇ ಸಂಸಾರ ಮಾಡಿದವಳು. ಹಟ್ಟಿಯ ಕೆಳಗಿನ ತಿರುವಿನಲ್ಲಿರುವ ತಗಡು ಚಾವಣಿಯ ಉದ್ದನೆ ಷೆಡ್ಡಿನಲ್ಲಿ, ಊರಿನವರು ಕಿತ್ತು ತಂದ ಹಸಿ ಟೀ ಎಲೆಯನ್ನು ಕೊಕ್ಕೆಯ ತಕ್ಕಡಿಯಲ್ಲಿ ತೂಗಿ ಫ್ಯಾಕ್ಟರಿಯ ಲಾರಿಗೆ ಏರಿಸುವುದು ಅವಳ ಕೆಲಸವಾಗಿತ್ತು. ಮುಳ್ಳು ನಲವತ್ತು ಕಿಲೊ ತೋರಿಸಿದರೆ ಅವಳು ಮುಳ್ಳನ್ನು ನೋಡುತ್ತಿರಲಿಲ್ಲ. ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸುತ್ತಿದ್ದಳು. ಹೊರಬಂದ ಕೈ ಒದ್ದೆಯಾಗಿದ್ದರೆ ಮುಗಿಯಿತು.

"ಇದರಲ್ಲಿ ಆರು ಕಿಲೊ ಮಳೆ. ಮಳೆಗೆ ಫ್ಯಾಕ್ಟರಿ ದುಡ್ಡು ಕೊಡೋದಿಲ್ಲೆ," ಎಂದು ಮೂವತ್ತನಾಲ್ಕು ಬರೆದುಬಿಡುತ್ತಿದ್ದಳು. ಇದರಿಂದ ಹಟ್ಟಿಯಲ್ಲಿ ಅವಳಿಗೆ ಗೌರವವೂ ಇತ್ತು, ಆ ಗೌರವದ ತೂಕಕ್ಕೆ ಸರಿಯಾಗಿ ನಾಲ್ಕಾರು ಶತ್ರುಗಳೂ ಇದ್ದರು.

ಅವಳ ಇನ್ನೊಂದು ಖ್ಯಾತಿ ಫ್ಯಾಕ್ಟರಿ ಆರಿಸಿಕೊಡುವುದರಲ್ಲಿ. ಹೊಸದಾಗಿ ತೋಟ ಮಾಡಿದವರು, ಎಲೆ ಕಮ್ಮಿ ಇರುವ ತಿಂಗಳಲ್ಲಿ ಫ್ಯಾಕ್ಟರಿಯವರು ಕುರ್ಚಿ ಹಾಕಿ ಕಾಫಿ ಕೊಟ್ಟದ್ದಕ್ಕೆ ಮರುಳಾಗಿ ಕೈ ಕುಲುಕಿ ಬರುತ್ತಿದ್ದರು. ಗಿಡಗಳೆಲ್ಲ ಒಟ್ಟಿಗೆ ಚಿಗುರಿ ಎಲೆ ಉಕ್ಕುವ ತಿಂಗಳಲ್ಲಿ ಅದೇ ಫ್ಯಾಕ್ಟರಿ ಗೇಟಿನಲ್ಲೇ ಕೋಟಾ ಇಟ್ಟು ಅರ್ಧ ಮೂಟೆ ವಾಪಸು ಕಳಿಸಿದಾಗ ಚಿನ್ನಿಯ ಮುಂದೆ ಬಂದು ಮುಖ ಸಣ್ಣದು ಮಾಡುತ್ತಿದ್ದರು. ಅವಳು ಎಲ್ಲರಿಗೂ ಒಂದೇ ಮಾತು ಹೇಳಿ ನಗುತ್ತಿದ್ದಳು: "ಎಲೆ ಇಲ್ಲದ ದಿನ ಹೋಗಿ ಫ್ಯಾಕ್ಟರಿ ನೋಡಿದೆಯಾ? ಎಲೆ ಸುರಿಯೋ ದಿನ ನೋಡಬೇಕಿತ್ತು ತಾನೆ?"

ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಚಿನ್ನಿ ಮುಂದೆ ಅದನ್ನು ಮರೆಯಲಿದ್ದಾಳೆ.

ಫ್ಯಾಕ್ಟರಿಯವರು ಮನೆ ಬಾಗಿಲಿಗೇ ವ್ಯಾನು ಕಳಿಸಲು ಶುರು ಮಾಡಿದ ಮೇಲೆ ಷೆಡ್ಡಿಗೆ ಬೀಗ ಬಿತ್ತು. ಮೂರು ವರ್ಷ ಅಲ್ಲಿ ಕೋಳಿಗಳೂ ಮಂಜೂ ವಾಸ ಮಾಡಿದವು. ಅಷ್ಟರಲ್ಲಿ ಚಿನ್ನಿಯ ಅಕ್ಕನ ಮಗಳು ಅಭಿನಯಾ, ಕೋಯಂಬತ್ತೂರಿನ ಒಂದು ಕಂಪನಿಯ ಕೆಲಸವನ್ನು ಲ್ಯಾಪ್‌ಟಾಪಿನ ಸಮೇತ ಹಟ್ಟಿಗೆ ಹೊತ್ತು ತಂದಳು. ಆಪರೇಷನ್ ಆಗಿ ಮನೆಗೆ ಹೋದ ರೋಗಿಗಳನ್ನು ವಿಡಿಯೊದಲ್ಲಿ ಮಾತಾಡಿಸಿ, ಹೊಲಿಗೆ ಹೇಗಿದೆ, ಮಾತ್ರೆ ನುಂಗಿದಿರಾ, ಕಾಲು ಊರುತ್ತಿದ್ದೀರಾ ಎಂದು ವಿಚಾರಿಸಿ ಆಸ್ಪತ್ರೆಗೆ ವರದಿ ಕಳಿಸುವುದು ಆ ಕೆಲಸ. ಹಟ್ಟಿಯ ಹೆಣ್ಣುಮಕ್ಕಳಿಗೆ ಮನೆಮಾತು ಬಡಗ, ಶಾಲೆ ತಮಿಳು, ಕನ್ನಡ ಕಿವಿಗೆ ಹತ್ತಿರ, ಗೂಡಲೂರಿನ ಕಡೆಯಿಂದ ಬಂದ ಸೊಸೆಯರಿಗೆ ಮಲಯಾಳವೂ ಸಲೀಸು. ಒಬ್ಬಳ ಬಾಯಿಗೆ ನಾಲ್ಕು ಊರಿನ ರೋಗಿಗಳು ಸಿಗುತ್ತಾರೆಂದು ಕಂಪನಿಗೆ ತಿಳಿದದ್ದೇ ತಡ, ಒಬ್ಬಳು ಮೂವರಾಗಿ, ಮೂವರು ಹನ್ನೊಂದು ಮಂದಿಯಾದರು. ಮನೆಯಲ್ಲಿ ಕೂತರೆ ಹೃದಯದ ರೋಗಿಯ ಜೊತೆ ಮಾತಾಡುವಾಗಲೇ ಹುಂಜ ಕೂಗುತ್ತದೆ. ಹಾಗಾಗಿ ಚಿನ್ನಿ ಷೆಡ್ಡಿನ ಬೀಗ ತೆಗೆದು, ಕೋಳಿಗಳನ್ನು ಓಡಿಸಿ, ಸುಣ್ಣ ಬಳಿದು, ಹನ್ನೊಂದು ಮೇಜು ಹಾಕಿಸಿದಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಅದೇ ಷೆಡ್ಡಿನ ಯಜಮಾನಿಯಾದಳು. ಚಾವಣಿಯ ತೊಲೆಯಿಂದ ತಕ್ಕಡಿಯ ಕೊಕ್ಕೆ ಇನ್ನೂ ತೂಗುತ್ತಿತ್ತು. ಇಂಟರ್‌ನೆಟ್ಟಿನ ಡಬ್ಬಿಯನ್ನು ಅದಕ್ಕೇ ನೇತುಹಾಕಿದಳು.

ತೊಂದರೆ ಇದ್ದದ್ದು ಆ ಡಬ್ಬಿಯಲ್ಲೇ. ಅದಕ್ಕೆ ಬರುತ್ತಿದ್ದದ್ದು ಅಜ್ಜನ ಕಾಲದ ತಾಮ್ರದ ಫೋನ್ ತಂತಿ. ಬಿಸಿಲಿದ್ದರೆ ನಡೆಯುತ್ತಿತ್ತು, ಮಂಜು ಬಿದ್ದರೆ ತೆವಳುತ್ತಿತ್ತು, ಮಳೆ ಬಂದರೆ ಮಲಗುತ್ತಿತ್ತು. ನೆಟ್ ಎಂದು ಹೆಸರಿಟ್ಟುಕೊಂಡದ್ದು ಒಂದು ದಿನವೂ ನೆಟ್ಟಗಿರಲಿಲ್ಲ.

ಅಕ್ಟೋಬರ್‌ನಲ್ಲಿ ಕೊಳ್ಳೇಗಾಲದ ಒಬ್ಬ ಹರ್ನಿಯಾ ರೋಗಿಗೆ ಅಭಿನಯಾ ಫೋನು ಮಾಡಿದಳು. ಬ್ಯಾಂಡೇಜು ಸ್ವಲ್ಪ ಸರಿಸಿ ತೋರಿಸಿ ಎಂದಳು. ಆತ ತೋರಿಸಿದ. ಅಷ್ಟರಲ್ಲಿ ಲೈನು ಹೆಪ್ಪುಗಟ್ಟಿತು. ಆತನ ಫೋನಿನ ಪರದೆಯ ಮೇಲೆ ಅಭಿನಯಾ ಕಣ್ಣರಳಿಸಿ, ಬಾಯಿ ತೆರೆದು, ಕೆನ್ನೆಗೆ ಕೈ ಇಟ್ಟುಕೊಂಡು ಹಾಗೇ ನಿಂತುಬಿಟ್ಟಳು. ಪಾಪ, "ಆಹಾ, ಚೆನ್ನಾಗಿ ಒಣಗಿದೆ" ಎನ್ನುವುದರ ಮೊದಲ ಅಕ್ಷರದಲ್ಲಿದ್ದಳು. ರೋಗಿ ಆ ಮುಖವನ್ನು ಒಂದು ನಿಮಿಷ ದಿಟ್ಟಿಸಿ ನೋಡಿ, ಹೆಂಡತಿಗೆ ಕೊನೆಯ ಮಾತುಗಳನ್ನು ಹೇಳಿ, ಆಟೊ ಹತ್ತಿ ಆಸ್ಪತ್ರೆಗೆ ಓಡಿದ. ಡಾಕ್ಟರು ಪರೀಕ್ಷೆ ಮಾಡಿ ಏನೂ ಆಗಿಲ್ಲ ಎಂದರೂ ನಂಬಲಿಲ್ಲವಂತೆ. "ಆ ಹುಡುಗಿ ನೋಡಿದ್ದನ್ನು ನೀವು ನೋಡಿಲ್ಲ ಸಾರ್," ಎಂದನಂತೆ.

ಷೆಡ್ಡಿನಲ್ಲಿ ಎರಡು ದಿನ ನಗು. ಮೂರನೆಯ ದಿನ ಕಂಪನಿಯ ಮೇಲಧಿಕಾರಿ ಜನನಿ ಕೋಯಂಬತ್ತೂರಿನಿಂದ ಪರದೆಯ ಮೇಲೆ ಕಾಣಿಸಿಕೊಂಡಾಗ, ಕಾನ್ವೆಂಟಿನ ತರಗತಿಗೆ ಮದರ್ ಬಂದ ಹಾಗೆ ಎಲ್ಲರೂ ಸೆರಗು ಸರಿಮಾಡಿಕೊಂಡು ಕೂತರು. ಜನನಿ ಒಳ್ಳೆಯ ಹೆಣ್ಣು, ಕೂಗಾಡುವವಳಲ್ಲ. ಅದೇ ಭಯ.

"ಚಿನ್ನಿಯಕ್ಕಾ, ಆಸ್ಪತ್ರೆಯವರು ದೂರು ಕೊಟ್ಟಿದ್ದಾರೆ. ನವೆಂಬರ್ ಕೊನೆಯ ವಾರ ಮೂರು ದಿನ ನಾವು ಇಲ್ಲಿಂದ ನಿಮ್ಮ ಲೈನು ಅಳೀತೇವೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಹೋಗೋದೂ ಬರೋದೂ ಎರಡೂ ಇಪ್ಪತ್ತೈದು ಎಂಬಿಪಿಎಸ್‌ಗಿಂತ ಕೆಳಗೆ ಇಳೀಬಾರದು. ಒಂದು ಸಾರಿ ಇಳಿದರೂ ಹನ್ನೊಂದು ಸೀಟನ್ನೂ ಕೋಯಂಬತ್ತೂರಿಗೆ ತಗೋತೇವೆ. ಬರುವವರು ಬರಬಹುದು, ಹಾಸ್ಟೆಲ್ ಇದೆ."

ಬರುವವರು ಯಾರು? ಒಬ್ಬಳಿಗೆ ಹಾಲು ಕುಡಿಯುವ ಮಗು, ಒಬ್ಬಳಿಗೆ ಮಲಗಿದಲ್ಲೇ ಇರುವ ಅತ್ತೆ, ಇನ್ನೊಬ್ಬಳ ಗಂಡ ಕುನ್ನೂರಿಗೆ ಕಳಿಸುವುದಕ್ಕೇ ಮೂರು ದಿನ ಯೋಚಿಸುವವನು. ಸೀಟು ಕೆಳಗಿಳಿದರೆ ಹನ್ನೊಂದು ಮಂದಿಯೂ ಮತ್ತೆ ತೋಟಕ್ಕೆ ಇಳಿಯುವುದೇ. ಅವರ ಮನೆಮನೆಗೆ ಹೋಗಿ, "ನಂಗ ಷೆಡ್ಡು, ನಮ್ಮ ಊರು, ಹೆಣ್ಣು ಕಣ್ಣ ಮುಂದೆಯೇ ಇರ್ತಾಳೆ, ಕಳಿಸಿ" ಎಂದು ಮಾತು ಕೊಟ್ಟವಳು ಚಿನ್ನಿ. ಹೋಗೋದು ಬರೋದು ಎಂದರೇನು ಎಂದು ಅಭಿನಯಾಳನ್ನು ಕೇಳಿ ತಿಳಿದುಕೊಂಡಳು. ರೋಗಿಯ ಮುಖ ಇಲ್ಲಿಗೆ ಬರೋದು, ನಮ್ಮ ಮುಖ ಅಲ್ಲಿಗೆ ಹೋಗೋದು. ಒಬ್ಬಳಿಗೆ ಎರಡರಂತೆ ಹನ್ನೊಂದು ಮಂದಿಗೆ ಇಪ್ಪತ್ತೆರಡು, ಮೇಲೆ ಮೂರು ಹೆಚ್ಚಿಗೆ. ಕಿಲೊ ಇದ್ದ ಹಾಗೆ ತಾನೆ, ಎಂದುಕೊಂಡಳು.

ಹೊಸ ಲೈನು ಕೊಡುತ್ತೇವೆಂದು ಎರಡು ಕಡೆಯಿಂದ ಇಬ್ಬರು ಬಂದರು.

ಮೊದಲನೆಯವನು ಕುನ್ನೂರಿನ ಶಕ್ತಿವೇಲ್. ಇಸ್ತ್ರಿ ಅಂಗಿ, ಬೆನ್ನಿಗೆ ಚೀಲ, ತುಟಿಯಲ್ಲಿ ಮುನ್ನೂರು. "ಮುನ್ನೂರು ಅಕ್ಕಾ, ಮುನ್ನೂರು! ಗುಡ್ಡದ ಮೇಲಿನ ಟವರಿಗೆ ಹೋದ ತಿಂಗಳು ಹೊಸ ಯಂತ್ರ ಏರಿಸಿದ್ದೇವೆ. ತಂತಿ ಬೇಡ, ಕಂಬ ಬೇಡ. ಚಾವಣಿಗೆ ಒಂದು ಡಬ್ಬಿ. ಒಂದು ಗಂಟೆ ಕೆಲಸ." ಹುಬ್ಬತಲೈಯ ಆ ಮಗ್ಗುಲಿಗೆ ಸಿಗುವುದು ಅದೊಂದೇ ಟವರು. ಹಟ್ಟಿಯ ಅಷ್ಟೂ ಫೋನುಗಳು ಅದಕ್ಕೇ ಜೋತುಬಿದ್ದಿದ್ದವು.

ಎರಡನೆಯವನು ಪಕ್ಕದ ಹಟ್ಟಿಯ ಜಯರಾಮನ್. ಕೇಬಲ್ ಟಿವಿಯಿಂದ ಶುರುವಾಗಿ ಈಗ ಫೈಬರ್ ಎಳೆಯುವವನು. ಹೆಗಲ ಮೇಲೆ ಏಣಿ ಇಲ್ಲದೆ ಅವನನ್ನು ಕಂಡವರಿಲ್ಲ. ಮಾತು ಅಳೆದು ಸುರಿಯುವವನು. "ಐವತ್ತು ಅಕ್ಕ. ಹೋಗೋದೂ ಐವತ್ತು, ಬರೋದೂ ಐವತ್ತು. ಮೈನ್ ರೋಡಿಂದ ಒಂದೇ ಒಂದು ಗಾಜಿನ ಎಳೆ, ನಿನಗೆ ಮಾತ್ರ. ಬೇರೆ ದಾರೂ, ಯಾರೊಬ್ಬರೂ, ಅದಕ್ಕೆ ಕೈ ಹಾಕೋದಿಲ್ಲೆ. ಆದರೆ ಒಂದೂವರೆ ಕಿಲೋಮೀಟರ್ ಎಳೀಬೇಕು, ನಡುವೆ ಹದಿನೇಳು ಮನೆಯವರ ತೋಟ. ಒಬ್ಬೊಬ್ಬರನ್ನೇ ಕೇಳಿ ಕಂಬ ನೆಡೋದಕ್ಕೆ ಎರಡು ತಿಂಗಳು."

ಕೈಯಲ್ಲಿರುವುದು ಮೂರು ವಾರ. ಒಬ್ಬ ಮುನ್ನೂರು, ಒಬ್ಬ ಐವತ್ತು. ಒಬ್ಬ ಒಂದು ಗಂಟೆ, ಒಬ್ಬ ಎರಡು ತಿಂಗಳು. ಕಾಗದದ ಮೇಲೆ ಇದು ಯೋಚನೆ ಮಾಡುವ ವಿಷಯವೇ ಅಲ್ಲ. ಆದರೂ ಚಿನ್ನಿ ಮೂಟೆಗೆ ಕೈ ಹಾಕದೆ ಬರೆಯುವವಳಲ್ಲ.

"ಡಬ್ಬಿ ತಂದು ಕೂರಿಸಿ ತೋರಿಸು, ಆಮೇಲೆ ಮಾತು," ಎಂದಳು ಶಕ್ತಿವೇಲನಿಗೆ. ಗುರುವಾರ ಬೆಳಿಗ್ಗೆ ಎಂದು ನಿಗದಿಯಾಯಿತು.

ಬುಧವಾರ ಸಂಜೆ ನಂಜನಾಡಿನ ಕಡೆಯ ಹಟ್ಟಿಯಿಂದ ಸಾವಿನ ಸುದ್ದಿ ಬಂತು. ಊರಿನ ಹಿರಿಯ ಬೆಳ್ಳಿಗೌಡರ ಭಾವ, ತೊಂಬತ್ತೊಂದು ವರ್ಷ. ಕೊನೆಯ ದಿನವೂ ಬಿಸಿ ಆಲೂಗಡ್ಡೆ ತಿಂದು, ಉಪ್ಪು ಕಮ್ಮಿ ಎಂದು ಬೈದು ಹೋದವರು. ಬಡಗರಲ್ಲಿ ಸಾವು ಒಂದು ಮನೆಯದಲ್ಲ. ಸುದ್ದಿ ಬಂದರೆ ಹಟ್ಟಿಯೇ ಎದ್ದು ಹೋಗಬೇಕು. ಗುರುವಾರ ಬೆಳಿಗ್ಗೆ ಏಳಕ್ಕೆಲ್ಲ ಜೀಪುಗಳೂ ವ್ಯಾನುಗಳೂ ಬಂದು ನಿಂತವು. ಗಂಡಸರು ಬಿಳಿ ರುಮಾಲು ಸುತ್ತಿ, ಹೆಂಗಸರು ಬಿಳಿ ಬಟ್ಟೆ ಹೊದ್ದು ಹತ್ತಿದರು. ತೋಟಕ್ಕೆ ಯಾರೂ ಹೋಗಲಿಲ್ಲ, ಮಕ್ಕಳು ಶಾಲೆಗೆ ಹೋಗಲಿಲ್ಲ. ಷೆಡ್ಡಿನ ಹೆಣ್ಣುಮಕ್ಕಳೂ ರಜೆ ಬರೆದು ಹೊರಟರು. ನೂರ ಮೂವತ್ತು ಮನೆಯ ಹಟ್ಟಿ ಒಂದು ಗಂಟೆಯೊಳಗೆ ಖಾಲಿ. ಉಳಿದದ್ದು ನಾಯಿಗಳು, ಚಿನ್ನಿ, ಅಭಿನಯಾ.

"ನೀ ಬರೋದಿಲ್ಲೆಯಾ?" ಎಂದರು ಬೆಳ್ಳಿಗೌಡರು ಜೀಪಿನಿಂದ ಕತ್ತು ಹೊರಹಾಕಿ.

"ಮಧ್ಯಾಹ್ನ ಮಣ್ಣಿಗೆ ಮುಂಚೆ ಬಂದುಬಿಡ್ತೀನಿ ಮಾಮ. ಆ ಹುಡುಗ ಇವತ್ತು ಬಿಟ್ಟರೆ ಮುಂದಿನ ವಾರವೇ ಅಂತೆ."

ಮಾಮ ಕತ್ತು ಒಳಗೆಳೆದುಕೊಂಡರು. ಸಾವಿಗೆ ತಡವಾಗಿ ಹೋಗುವುದು ಎಂಥ ತಪ್ಪು ಎಂದು ಅವರು ಹೇಳದೆಯೇ ಚಿನ್ನಿಗೆ ಕೇಳಿಸಿತು.

ಶಕ್ತಿವೇಲ್ ಹೇಳಿದಂತೆ ಒಂದೇ ಗಂಟೆಯಲ್ಲಿ ಡಬ್ಬಿ ಕೂರಿಸಿದ. ಅಭಿನಯಾ ಅಳತೆಯ ಗುಂಡಿ ಒತ್ತಿದಳು. ಪರದೆಯ ಮೇಲೆ ಮುಳ್ಳು ಎದ್ದಿತು. ತಕ್ಕಡಿಯ ಮುಳ್ಳಿನಂಥದ್ದೇ ಮುಳ್ಳು. ನೂರು, ನೂರೆಂಬತ್ತು, ಇನ್ನೂರ ನಲವತ್ತು, ಇನ್ನೂರ ಎಂಬತ್ತಮೂರು! ಹೋಗುವುದು ನಲವತ್ತಾರು. ಮತ್ತೆ ಒತ್ತಿದರು, ಇನ್ನೂರ ಎಂಬತ್ತು. ಹತ್ತಕ್ಕೊಮ್ಮೆ, ಹತ್ತೂವರೆಗೊಮ್ಮೆ, ಹನ್ನೊಂದಕ್ಕೊಮ್ಮೆ. ಮುಳ್ಳು ಅಲ್ಲೇ ಗಟ್ಟಿಯಾಗಿ ನಿಂತಿತ್ತು.

"ಅಕ್ಕಾ, ಕುದುರೆ ಇದು, ಊಟಿ ರೇಸಿನ ಕುದುರೆ!" ಎಂದ ಶಕ್ತಿವೇಲ್.

ಚಿನ್ನಿಗೆ ಕಣ್ಣು ತುಂಬಿಬಂತು. ಮೂಟೆಗೆ ಕೈ ಹಾಕಿದ್ದಾಯಿತು, ಕೈ ಒಣಗಿದೆ. "ಶನಿವಾರ ಬಾ, ಕಾಗದಕ್ಕೆ ಸಹಿ ಹಾಕ್ತೀನಿ," ಎಂದು ಅವನನ್ನು ಕಳಿಸಿ, ಬಿಳಿ ಬಟ್ಟೆ ಹೊದ್ದು, ಸಿಕ್ಕ ಜೀಪು ಹತ್ತಿ ನಂಜನಾಡಿಗೆ ಓಡಿದಳು. ಮಣ್ಣಿಗೆ ಹತ್ತು ನಿಮಿಷ ಇರುವಾಗ ತಲುಪಿದಳು.

ಸಂಜೆ ವಾಪಸು ಬರುವ ಜೀಪಿನಲ್ಲಿ ಬೆಳ್ಳಿಗೌಡರು ಮುಂದಿನ ಸೀಟಿನಲ್ಲಿದ್ದರು. ತಡವಾಗಿ ಬಂದ ಸಂಕೋಚಕ್ಕೆ ಚಿನ್ನಿ ತಾನಾಗಿಯೇ ಮಾತು ತೆಗೆದಳು. ಮುನ್ನೂರರ ಕಥೆ ಪೂರ್ತಿ ಹೇಳಿದಳು. ಬರೋದು, ಹೋಗೋದು, ಕುದುರೆ, ಎಲ್ಲ. ಗೌಡರಿಗೆ ಎಪ್ಪತ್ತಾರು. ಫೋನನ್ನು ಆಗಾಗ ತಲೆಕೆಳಗಾಗಿ ಹಿಡಿಯುವವರು. ಮುಂದೆ ನೋಡಿಕೊಂಡೇ ಕೇಳಿದರು.

"ಟವರು ಅಂದರೆ, ನಂಗ ಫೋನಿಗೆ ಬರುತ್ತಲ್ಲ, ಅದೇ ಟವರು ತಾನೆ?"

"ಅದೇ ಮಾಮ."

"ಹಾಗಾದರೆ ಇವತ್ತು ಹಟ್ಟಿಲಿ ದಾರು ಇದ್ದರು?"

ಚಿನ್ನಿ ಬಾಯಿ ತೆರೆದಳು. ಕೊಳ್ಳೇಗಾಲದ ರೋಗಿ ಕಂಡ ಅಭಿನಯಾಳ ಹಾಗೆ, ತೆರೆದ ಬಾಯಿ ತೆರೆದೇ ಉಳಿಯಿತು. ಈ ಸಲ ಲೈನಿನ ತಪ್ಪಲ್ಲ.

ಹಟ್ಟಿ ಸಾವಿಗೆ ಹೋದ ದಿನ ಎಲೆ ಇರುವುದಿಲ್ಲ. ಆ ದಿನ ಫ್ಯಾಕ್ಟರಿಗೆ ಹೋದರೆ ಗೇಟು ಹಾರು ಹೊಡೆದಿರುತ್ತದೆ, ಮ್ಯಾನೇಜರು ನಗುತ್ತಾ ಎದ್ದು ನಿಲ್ಲುತ್ತಾನೆ, ತಂದ ಒಂದು ಮೂಟೆಯನ್ನು ಎರಡು ಕೈಯಲ್ಲಿ ತಗೊಳ್ಳುತ್ತಾನೆ. ಹತ್ತೊಂಬತ್ತು ವರ್ಷ ಊರಿಗೆಲ್ಲ ಹೇಳಿ ನಕ್ಕ ಮಾತು. ತನ್ನ ಸರದಿ ಬಂದಾಗ ಎಲ್ಲ ಫೋನುಗಳೂ ನಂಜನಾಡಿಗೆ ಹೋಗಿರುವ ದಿನ ನೋಡಿ ಟವರು ಅಳೆದಿದ್ದಳು! ಸ್ಪೀಡ್ ಎನ್ನುವ ಮಾತಿನ ಹೊಟ್ಟೆಯಲ್ಲೇ ಒಂದು ಪೀಡೆ ಕೂತಿರುತ್ತದೆ ಎಂದು ಅವಳಿಗೆ ಅವತ್ತು ತಿಳಿಯಿತು.

"ನಗಬೇಡ ಮಾಮ," ಎಂದಳು.

"ನಾ ನಕ್ಕಿಲ್ಲೆ. ಸಾವಿನಿಂದ ಬರ್ತಿದ್ದೀನಿ," ಎಂದರು ಗೌಡರು. ಆದರೆ ರುಮಾಲು ಅಲುಗಾಡುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಗೌಡರ ಮನೆಗೆ ಹೋಗಿ ಒಂದು ವಿಚಿತ್ರ ಬೇಡಿಕೆ ಇಟ್ಟಳು. ಸಂಜೆ ಹಟ್ಟಿಯ ಮೈಕಿನಲ್ಲಿ ಗೌಡರ ಗಂಟಲು ಕೇಳಿಬಂತು. ಆ ಮೈಕಿನಲ್ಲಿ ಸಾಮಾನ್ಯವಾಗಿ ಬರುವುದು ಸಾವಿನ ಸುದ್ದಿ, ಇಲ್ಲವೆ ಕಾಡೆಮ್ಮೆ ಬಂದ ಸುದ್ದಿ. ಜನ ಗಾಬರಿಯಿಂದ ಹೊರಗೆ ಬಂದು ನಿಂತರು.

"ಎಲ್ಲರೂ ಕೇಳಿ. ನಾಳೆ ಹನ್ನೊಂದು ಗಂಟೆಗೆ ದಾರೂ ತೋಟಕ್ಕೆ ಹೋಗಬೇಡಿ. ಮನೇಲಿ ಕೂತು ಫೋನು ನೋಡಿ. ಒಂದು ಗಂಟೆ ಹೊತ್ತು ಬಿಡದೆ ನೋಡಿ. ಮಕ್ಕಳ ಕೈಗೂ ಕೊಡಿ."

ಫೋನು ಬಿಡು ಎಂದು ಬೈಸಿಕೊಂಡೇ ಬೆಳೆದ ಮಕ್ಕಳು ಆ ರಾತ್ರಿ ಊರ ಗೌಡರನ್ನು ದೇವರೆಂದುಕೊಂಡಿರಬೇಕು.

ಶನಿವಾರ ಶಕ್ತಿವೇಲ್ ಕಾಗದ ಹಿಡಿದು ಬಂದಾಗ, "ಕೂರು, ಕಾಫಿ ಕುಡಿ, ಹನ್ನೊಂದಾಗಲಿ," ಎಂದಳು ಚಿನ್ನಿ. ಹನ್ನೊಂದಕ್ಕೆ ನೂರ ಮೂವತ್ತು ಮನೆಗಳಲ್ಲಿ ಒಟ್ಟಿಗೆ ಫೋನು ಎದ್ದವು. ಗಂಡಸರು ಕ್ರಿಕೆಟ್ಟು, ಹುಡುಗಿಯರು ಡ್ಯಾನ್ಸು, ಸೊಸೆಯರು ಬಿಟ್ಟುಹೋದ ಸೀರಿಯಲ್ಲಿನ ಎಂಟು ಕಂತು. ಕಿವಿ ಮಂದವಾದ ಅಕ್ಕಮ್ಮಜ್ಜಿ ಗೋಡೆಯಾಚೆಯ ವಾರಗಿತ್ತಿಗೆ ವಿಡಿಯೊ ಕರೆ ಮಾಡಿ, ಫೋನಿಲ್ಲದಿದ್ದರೂ ಕೇಳಿಸುವಷ್ಟು ಗಟ್ಟಿಯಾಗಿ, "ಕಾಣಿಸ್ತೀನಾ?" ಎಂದು ಕೂಗಿದರು. ಬೆಳ್ಳಿಗೌಡರು ಷೆಡ್ಡಿನ ಕಟ್ಟೆಯ ಮೇಲೆಯೇ ಕೂತು, ಫೋನನ್ನು ನೆಟ್ಟಗೆ ತಿರುಗಿಸಿಕೊಂಡು, ಹಳೆಯ ಕುದುರೆ ರೇಸು ಹಾಕಿಕೊಂಡರು.

ಒಳಗೆ ಹನ್ನೊಂದು ಮೇಜಿನಲ್ಲಿ ಹನ್ನೊಂದು ಮಂದಿ ಒಬ್ಬರಿಗೊಬ್ಬರು ವಿಡಿಯೊ ಹಚ್ಚಿದರು. ಅಭಿನಯಾ ಗುಂಡಿ ಒತ್ತಿದಳು.

ನೂರ ಹತ್ತು. ಐವತ್ತೆರಡು. ಹತ್ತೊಂಬತ್ತು. ಹನ್ನೊಂದು. ಹೋಗುವುದು ಒಂದೂವರೆ.

ಷೆಡ್ಡಿನ ತುಂಬ ಹೆಪ್ಪುಗಟ್ಟಿದ ಮುಖಗಳು. ಹೊರಗೆ ಗೌಡರು ಗೊಣಗಿದರು: "ಕುದುರೆ ನಿಂತುಬಿಟ್ಟಿತು."

ಶಕ್ತಿವೇಲ್ ಕಾಗದ ಮಡಚಿದ. ಹುಡುಗ ಕೆಟ್ಟವನಲ್ಲ. "ನಾನು ಸುಳ್ಳು ಹೇಳಲಿಲ್ಲ ಅಕ್ಕಾ. ಮುನ್ನೂರು ಇದೆ. ಎಲ್ಲರಿಗೂ ಸೇರಿ ಇದೆ ಅಷ್ಟೇ."

"ಗೊತ್ತು ಮಗಾ. ಸುಳ್ಳು ನೀ ಹೇಳಿಲ್ಲೆ, ನಾ ಕೇಳಿಲ್ಲೆ. ಕೇಳಬೇಕಾದ್ದನ್ನೂ ಕೇಳಿಲ್ಲೆ," ಎಂದಳು ಚಿನ್ನಿ. ಅವನು ಬರಿಗೈಯಲ್ಲಿ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಷೆಡ್ಡಿನಿಂದ ಹಟ್ಟಿಗೆ ಏರುವಷ್ಟರಲ್ಲಿ, ಎಂಟು ಕಂತಿನ ರುಚಿ ಹತ್ತಿದ ನಾಲ್ಕು ಮನೆಯವರು ಅವನನ್ನು ತಡೆದು ಮನೆಗೊಂದು ಡಬ್ಬಿ ಕೇಳಿದರು. ಸೀರಿಯಲ್ ನಿಂತರೆ ಯಾರೂ ಆಸ್ಪತ್ರೆಗೆ ಓಡುವುದಿಲ್ಲವಲ್ಲ.

ಉಳಿದದ್ದು ಜಯರಾಮನ್‌ನ ಎಳೆ. ಉಳಿದ ದಿನ ಹದಿನೇಳು. ದಾಟಬೇಕಾದ ತೋಟಗಳೂ ಹದಿನೇಳು.

"ಒಬ್ಬೊಬ್ಬರನ್ನೇ ಕೇಳಿದರೆ ಎರಡು ತಿಂಗಳು," ಎಂದರು ಬೆಳ್ಳಿಗೌಡರು. "ಒಟ್ಟಿಗೆ ಕೇಳು. ಹೇಗೂ ನಾಳೆ ಭಾನುವಾರ, ಸಾವಿನ ಖರ್ಚುವೆಚ್ಚ ಮಾತಾಡಲಿಕ್ಕೆ ಎಲ್ಲರೂ ಮಂದೆಗೆ ಬರ್ತಾರೆ."

ಮಂದೆ ಎಂದರೆ ಹಟ್ಟಿಯ ನಡುವಿನ ಹುಲ್ಲು ಬಯಲು. ಒಟ್ಟಿಗೆ ಎದ್ದು ಸಾವಿಗೆ ಹೋಗುವ ಊರು, ಒಟ್ಟಿಗೆ ಕೂತು ಮಾತು ಮುಗಿಸುವುದು ಅಲ್ಲಿ. ಭಾನುವಾರ ಚಿನ್ನಿ ನಿಂತು ಮಾತಾಡಿದಳು. ತನ್ನ ತಪ್ಪನ್ನೇ ಮೊದಲು ಹೇಳಿದಳು. ಎಲೆ ಇಲ್ಲದ ದಿನ ಫ್ಯಾಕ್ಟರಿ ನೋಡಿಬಂದ ಕಥೆ ಕೇಳಿ, ಒಂದು ಕಾಲದಲ್ಲಿ ಅವಳಿಂದ ನಗಿಸಿಕೊಂಡವರೆಲ್ಲ ಬಡ್ಡಿ ಸಮೇತ ನಕ್ಕರು. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ. ಕಂಬ ನೆಡುವುದು ಬೇಡ, ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರಗಳಿಗೇ ಎಳೆ ಕಟ್ಟಿಕೊಂಡು ಹೋಗುತ್ತೇನೆ, ಒಂದು ಗಿಡ ಮುರಿಯುವುದಿಲ್ಲ ಎಂದು ಜಯರಾಮನ್ ಹೇಳಿದ. ಹದಿನಾರು ಮನೆಯವರು ತಲೆಯಾಡಿಸಿದರು.

ಹದಿನೇಳನೆಯವರು ರಂಗನಾಥನ್. ಕೋಲು ಊರಿಕೊಂಡು ಮೆಲ್ಲಗೆ ಎದ್ದರು. ಅವರ ತೋಟ ಸರಿಯಾಗಿ ನಡುವಿನಲ್ಲಿತ್ತು. ಸುತ್ತಿಕೊಂಡು ಹೋಗಲು ಒಂದು ಕಡೆ ಕೊರಕಲು, ಇನ್ನೊಂದು ಕಡೆ ಕಾಡು.

"ಒಂಬತ್ತನೇ ಇಸವಿಯ ದೊಡ್ಡ ಮಳೆ," ಎಂದರು. "ನಾ ಎಂಬತ್ತು ಕಿಲೊ ತಂದಿದ್ದೆ. ಈ ಚಿನ್ನಿ ಮೂಟೆಗೆ ಕೈ ಹಾಕಿ ಹನ್ನೆರಡು ಕಿಲೊ ನೀರಿಗೆ ಕಳೆದಳು. ಹನ್ನೆರಡು! ಊರೆಲ್ಲ ನೋಡ್ತಾ ಇತ್ತು."

ಹನ್ನೊಂದು ಸೀಟು ಹದಿನೈದು ವರ್ಷ ಹಿಂದಿನ ಒಂದು ಒದ್ದೆ ಮೂಟೆಗೆ ಸಿಕ್ಕಿಕೊಂಡಿತು. ಅಭಿನಯಾ ಚಿಕ್ಕಮ್ಮನ ಸೆರಗು ಎಳೆದಳು. ತಪ್ಪಾಯಿತು ಅನ್ನು, ಮುಗಿಸು, ಎಂದು ಆ ಎಳೆತದ ಅರ್ಥ.

"ತಪ್ಪಾಯಿತು ಅಣ್ಣ," ಎಂದಳು ಚಿನ್ನಿ. ಅಭಿನಯಾ ಉಸಿರು ಬಿಟ್ಟಳು. "ಹದಿನಾರು ಕಳೀಬೇಕಿತ್ತು. ಮೂಟೆ ಎತ್ತಿದಾಗ ಅಡಿಯಿಂದ ಧಾರೆ ಹರೀತಿತ್ತು. ನಿನ್ನ ಮಗಳ ಮದುವೆ ತಿಂಗಳು ಅಂತ ನಾಲ್ಕು ಬಿಟ್ಟೆ. ಆ ನಾಲ್ಕನ್ನು ಫ್ಯಾಕ್ಟರಿಯವರು ನನ್ನ ಸಂಬಳದಲ್ಲಿ ಹಿಡಕೊಂಡರು."

ರಂಗನಾಥನ್ ಕೋಲಿನಿಂದ ಹುಲ್ಲು ಕೆದಕಿದರು.

"ಹದಿನಾರಾ?"

"ಹದಿನಾರು."

"ನಾ ಮನೇಲಿ ಹದಿನೆಂಟು ಅಂದುಕೊಂಡಿದ್ದೆ," ಎಂದರು ರಂಗನಾಥನ್.

ಮೊದಲು ಬೆಳ್ಳಿಗೌಡರು ನಕ್ಕರು, ಆಮೇಲೆ ಮಂದೆ ನಕ್ಕಿತು. ಗದ್ದಲ ಇಳಿದ ಮೇಲೆ ರಂಗನಾಥನ್ ತಮ್ಮ ಷರತ್ತು ಹೇಳಿದರು: ಎಳೆ ಎಷ್ಟು ಎತ್ತರ ಹೋಗಬೇಕೆಂದರೆ ಕಾಡೆಮ್ಮೆಯ ಕೊಂಬಿಗೂ ಸಿಗಬಾರದು, ಅವರ ಹೆಂಡತಿ ಬಟ್ಟೆ ಒಣಹಾಕಲು ಕೈ ಚಾಚಿದರೂ ಸಿಗಬಾರದು. ಎರಡನೆಯದಕ್ಕೆ ಇನ್ನೂ ಎರಡಡಿ ಹೆಚ್ಚು ಬೇಕಾಗುತ್ತದೆ ಎಂದ ಜಯರಾಮನ್.

ಎಂಟು ದಿನದಲ್ಲಿ ಎಳೆ ಬಂತು. ಮಳೆಯಲ್ಲೇ ಬಂತು. ಜಯರಾಮನ್ ಮರ ಹತ್ತಿದರೆ ಕೆಳಗೆ ಆ ತೋಟದವರು ಏಣಿ ಹಿಡಿದರು. ರಂಗನಾಥನ್ ತಮ್ಮ ಮರಗಳಿಗೆ ಎಳೆ ಕಟ್ಟುವಾಗ ಕೊಡೆ ಹಿಡಿದು ನಿಂತು, ಗಂಟು ಸರಿಯಿಲ್ಲವೆಂದು ಎರಡು ಸಲ ಬಿಚ್ಚಿಸಿದರು. ಕೂದಲಿನಷ್ಟು ಸಣ್ಣ ಗಾಜು ಒಂದು ಕರಿಯ ತೊಗಲಿನೊಳಗೆ ಕೂತು, ಹದಿನೇಳು ತೋಟ ದಾಟಿ, ಷೆಡ್ಡಿನ ಕಿಟಕಿಯಿಂದ ಒಳಗೆ ಬಂತು. ಹೊಸ ಡಬ್ಬಿಯನ್ನು ಚಿನ್ನಿ ಅದೇ ಕೊಕ್ಕೆಗೆ ನೇತುಹಾಕಿದಳು. ಎಲೆ ತೂಗಿದ ಕೊಕ್ಕೆಗೆ ಎಳೆ ಒಂದು ಭಾರವೇ ಅಲ್ಲ.

ಜನನಿಯ ಮೂರು ದಿನದ ಅಳತೆ ನವೆಂಬರ್ ಇಪ್ಪತ್ತಾರಕ್ಕೆ ಶುರುವಾಯಿತು. ಮೊದಲ ದಿನ ಮಂಜು. ಎರಡನೆಯ ದಿನ ಗಾಳಿ. ಎಲ್ಲೋ ಒಂದು ಮರ ಬಿದ್ದು ಕರೆಂಟು ಹೋದಾಗ ಹನ್ನೊಂದು ಮಂದಿಯ ಎದೆಯೂ ನಿಂತಿತು, ಇನ್ವರ್ಟರ್ ನಿಲ್ಲಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಲೆಕ್ಟರು ಮಳೆಗೆ ಶಾಲೆಗಳಿಗೆ ರಜೆ ಕೊಟ್ಟರು. ಮಕ್ಕಳು ಮನೆಯಲ್ಲಿ, ತೋಟಕ್ಕೆ ಹೋಗಲಾರದ ದೊಡ್ಡವರು ಮನೆಯಲ್ಲಿ, ಹಟ್ಟಿಯ ಅಷ್ಟೂ ಫೋನುಗಳು ಕೈಯಲ್ಲಿ. ಎಲೆ ಸುರಿಯುವ ದಿನ ಎಂದರೆ ಅದೇ.

ಚಿನ್ನಿ ಪರದೆ ನೋಡಲಿಲ್ಲ. ಹತ್ತರಿಂದ ಐದರವರೆಗೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ರಂಗನಾಥನ್ ತೋಟದ ಮರಗಳ ನಡುವೆ ಮಳೆಯಲ್ಲಿ ತೂಗುತ್ತಿದ್ದ ಕರಿಯ ಗೆರೆಯನ್ನೇ ನೋಡಿದಳು. ಅದರ ಕೆಳಗೆ ಒಂದು ಕಾಡೆಮ್ಮೆ ಬಂದು, ತಲೆಯೆತ್ತಿ, ಎಟುಕದೆಂದು ತಿಳಿದುಕೊಂಡು ಹೋಯಿತು. ಒ‍ಳಗಿನಿಂದ ಹೆಣ್ಣುಮಕ್ಕಳ ಧ್ವನಿ ನಾಲ್ಕು ಭಾಷೆಯಲ್ಲಿ ಬಿಡದೆ ಬರುತ್ತಿತ್ತು. ಅಭಿನಯಾ ಕೊಳ್ಳೇಗಾಲದವನನ್ನು ಮತ್ತೆ ಕರೆದು, ಬಾಯಿ ಮುಚ್ಚಿಕೊಂಡೇ ನಗುತ್ತಾ ವಿಚಾರಿಸುತ್ತಿದ್ದಳು.

ಐದೂವರೆಗೆ ಜನನಿ ಪರದೆಗೆ ಬಂದಳು. ಎಲ್ಲರೂ ಕುರ್ಚಿ ಎಳೆದುಕೊಂಡು ಚಿನ್ನಿಯ ಹಿಂದೆ ಗುಂಪಾದರು.

"ಮೂರು ದಿನ ಒಂದು ಸಾರಿಯೂ ಇಳಿದಿಲ್ಲ ಅಕ್ಕಾ. ಸೀಟುಗಳು ಅಲ್ಲೇ ಇರಲಿ. ಜನವರಿಯಿಂದ ಇನ್ನೂ ನಾಲ್ಕು ಮೇಜಿಗೆ ಜಾಗ ಆಗುತ್ತಾ ನೋಡಿ," ಎಂದಳು. ಆಮೇಲೆ ಕೈಯಲ್ಲಿದ್ದ ಹಾಳೆ ನೋಡಿ ಹುಬ್ಬು ಗಂಟಿಕ್ಕಿದಳು. "ಒಂದೇ ಒಂದು ವಿಷಯ. ನಿಮ್ಮ ಕರಾರಿನಲ್ಲಿ ಐವತ್ತು ಅಂತ ಇದೆ. ಇಲ್ಲಿ ಮೂರು ದಿನವೂ ನಲವತ್ತೊಂಬತ್ತೇ ಬಂದಿದೆಯಲ್ಲ?"

ಚಿನ್ನಿ ತಲೆಯೆತ್ತಿ ಕೊಕ್ಕೆಯನ್ನೊಮ್ಮೆ ನೋಡಿದಳು.

"ಮಳೆ ಬರ್ತಾ ಇದೆಯಲ್ಲ ಮೇಡಂ," ಎಂದಳು. "ಒಂದು ನೀರಿಗೆ ಕಳೆದದ್ದು. ಹಾಗೇ ಬರಕೊಳ್ಳಿ."

ಜನನಿಗೆ ಅರ್ಥವಾಗಲಿಲ್ಲ. ಆದರೆ ಚಿನ್ನಿಯ ಹಿಂದೆ ಎದ್ದ ಹನ್ನೊಂದು ಮಂದಿಯ ನಗು ಹದಿನೇಳು ತೋಟ ದಾಟಿ, ಎಲ್ಲೂ ತಡೆಯದೆ, ಕೋಯಂಬತ್ತೂರಿಗೆ ಪೂರ್ತಿ ತಲುಪಿತು.